ಕೆಮ್ಮಿನ ಪ್ಲೇಟು

ನನ್ನ ಮದುವೆಯಲ್ಲಿ ನನ್ನ ತವರಿನವರನ್ನು ಸೋಲಿಸಿದವಳು ನಾನೇ. ಕೈತಪ್ಪಿ ಅಲ್ಲ, ಬೇಕೆಂದೇ ಸೋಲಿಸಿದೆ. ಬೈಯಬೇಕಾದವರು ಆಗಲೇ ಬೈದು ಮುಗಿಸಿದ್ದಾರೆ, ಈಗ ನಗುತ್ತ ಹೇಳಬಹುದು.

ಆಳಂದದ ನಮ್ಮ ಮನೆಯಲ್ಲಿ ಒಂದು ಹಾಡಿನ ಪೆಟ್ಟಿಗೆ ಇತ್ತು, ಕೀಲಿ ಕೊಟ್ಟು ಹಾಡಿಸುವ ಗ್ರಾಮಫೋನು. ಅಪ್ಪ ಸೊಲ್ಲಾಪುರಕ್ಕೆ ತೊಗರಿ ಮಾರಲು ಹೋದವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಜೊತೆಗೆ ಬಂದ ಪ್ಲೇಟುಗಳೆಲ್ಲ ಆಗಲೇ ಹಳೆಯವು, ನಾಟಕ ಕಂಪನಿಯವರು ಊರೂರು ಹಾಡಿ ಸವೆಸಿದ ಹಾಡುಗಳು. ಕೇಳಿ ಕೇಳಿ ಬಾಯಿಪಾಠವಾದ ಮೇಲೆ ನಾವು ಹೆಣ್ಣುಮಕ್ಕಳು ಒಂದು ಆಟ ಕಟ್ಟಿಕೊಂಡೆವು. ಒಬ್ಬಳು ಗುರುತು ಹೇಳಬೇಕು, ಉಳಿದವರು ಹಾಡು ಯಾವುದೆಂದು ಹೇಳಬೇಕು. ಗುನುಗುವಂತಿಲ್ಲ, ಹಾಡಿನ ಒಂದು ಮಾತೂ ಬಾಯಿಂದ ಬೀಳುವಂತಿಲ್ಲ. "ಹಾರ್ಮೋನಿಯಂ ಮುಂದ ಓಡಿ ಹಾಡಾಕಿ ಹಾದಿ ಕಾಯ್ತದ" ಎಂದರೆ ಗಿಣಿ ಹಾಡು. "ಮುಗಿದ ಮ್ಯಾಲೆ ತನ್ನ ಹೆಸರು ತಾನ ಹೇಳಿಕೊಳ್ತಾಳ" ಎಂದರೆ ಕನ್ನಡಿ ಹಾಡು. ಗಂಡನ ಹೆಸರನ್ನು ನೇರವಾಗಿ ಹೇಳದೆ, ಒಡಪು ಕಟ್ಟಿ ಸುತ್ತಿ ಬಳಸಿ ಹೇಳುವ ನಮ್ಮ ಕಡೆಯ ಹೆಂಗಸರಿಗೆ ಈ ಆಟವನ್ನು ಕಲಿಸಬೇಕಾಗಿರಲಿಲ್ಲ.

ನನ್ನ ಜೀವ ಇದ್ದದ್ದು ಅತ್ತರಿನವನ ಹಾಡಿನಲ್ಲಿ. ಮನೆಯಾಕೆ ಬಾಗಿಲಲ್ಲಿ ನಿಂತು ಅತ್ತರು ಮಾರುವವನೊಡನೆ ಚೌಕಾಸಿ ಮಾಡುತ್ತಾಳೆ, ಕೊಳ್ಳುವುದೂ ಇಲ್ಲ, ಅವನನ್ನು ಕಳಿಸುವುದೂ ಇಲ್ಲ. ಎರಡನೆಯ ನುಡಿ ಮುಗಿಯುವ ಹೊತ್ತಿಗೆ ಅವಳ ಹಿಂದೆ ಯಾರೋ ಒಬ್ಬ ಕೆಮ್ಮುತ್ತಾನೆ. ತಬಲಾದವನೇ ಇರಬೇಕು, ಪಾಪ, ತಡೆದು ತಡೆದು ಸೋತವನ ಕೆಮ್ಮು ಅದು. ಅದು ಬಂದಾಗಲೆಲ್ಲ ಅಪ್ಪ, "ಅವಗ ಒಂದೀಟು ನೀರು ಕೊಡ್ರಿ" ಎನ್ನುತ್ತಿದ್ದ. ನಾವು ಹೊಸದಾಗಿ ಕೇಳಿದವರಂತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಜೇವರ್ಗಿಯ ಮನೆಗೆ ನನ್ನನ್ನು ಕೊಡುವುದೆಂದು ನಿಶ್ಚಯವಾದಾಗ ನನಗೆ ಅಳು ಬಂದದ್ದು ಆ ಪ್ಲೇಟಿಗಾಗಿ. ಗುರುತಿಲ್ಲದ ಮನೆಯಲ್ಲಿ ಆ ಕೆಮ್ಮೊಂದು ಜೊತೆಗಿದ್ದರೆ ಹೇಗಾದರೂ ಬಾಳಿಯೇನು ಅನ್ನಿಸುತ್ತಿತ್ತು. ಕೇಳಲು ಮಾತ್ರ ಬಾಯಿ ಬರಲಿಲ್ಲ. ಅಪ್ಪನಿಗೂ ಅದೆಂದರೆ ಪ್ರಾಣ.

ಮದುವೆ ಮುಗಿದು, ಊಟವಾಗಿ, ಒಡಪುಗಳೆಲ್ಲ ತೀರಿದ ಮೇಲೆ ನಮ್ಮ ಸೋದರತ್ತೆಗೆ ಕೈ ಕಡಿಯತೊಡಗಿತು. ಅಫಜಲಪುರಕ್ಕೆ ಕೊಟ್ಟಿದ್ದ ಅಪ್ಪನ ಅಕ್ಕ ಅವಳು. ಬೀಗರನ್ನು ಕೆಣಕದಿದ್ದರೆ ಅವಳಿಗೆ ಉಂಡ ಹೋಳಿಗೆ ಕರಗುತ್ತಿರಲಿಲ್ಲ.

"ಗುರುತು ಆಟ ಆಡ್ರಿ ನಮ್ಮ ಕೂಡ. ನಾವು ಸೋತ್ರ ನಮ್ಮ ಮನಿಯಾಗಿನ ಯಾವ ಪ್ಲೇಟು ಬೇಕೋ ತಗೊಂಡು ಹೋಗ್ರಿ!" ಎಂದು ಜಮಖಾನೆ ಬಡಿದಳು. ಪೆಟ್ಟಿಗೆಯ ಒಡೆಯನನ್ನು ಕೇಳುವ ಗೋಜಿಗೆ ಹೋಗಲಿಲ್ಲ.

"ನಾವು ಸೋತ್ರ ನಿಮಗ ಇಳಕಲ್ ಸೀರಿ" ಎಂದರು ನನ್ನ ಅತ್ತೆ, ತಣ್ಣಗೆ.

ಆಟ ಹೆಂಗಸರದು, ಗಂಡಸರು ಬಾಯಿ ಬಿಡುವಂತಿಲ್ಲ. ಅಪ್ಪ ಬಾಗಿಲಲ್ಲಿ ನಿಂತ. ಬೀಗರ ಕಡೆಯವರು ಏನು ಜಾಣೆಯರು! ನಾವು ಹೇಳಿದ ಗುರುತುಗಳನ್ನೆಲ್ಲ ಹುರಿಗಡಲೆಯಂತೆ ಜಗಿದು ಬಿಟ್ಟರು. ನಾವೂ ಬಿಡಲಿಲ್ಲ. ಕಿರುಚಾಟಕ್ಕೆ ಚಪ್ಪರದ ಗುಬ್ಬಿಗಳು ಎದ್ದು ಹೋದವು. ಕೊನೆಗೆ ಸಮಸಮವಾಗಿ ಒಂದೇ ಪ್ರಶ್ನೆ ಉಳಿಯಿತು. ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು.

"ಹಾಡಾಕಿ ಒಬ್ಬಾಕಿ, ಕೇಳಸೋ ಕೊರಳು ಎರಡು. ಎರಡನೇದಕ್ಕ ರಾಗ ಇಲ್ಲ, ಮಾತಿಲ್ಲ. ಯಾವ ಹಾಡು ಹೇಳ್ರಿ?"

ಹಾಡು ನನಗೆ ಥಟ್ಟನೆ ಹೊಳೆಯಿತು. ಸೋದರತ್ತೆ ವರ್ಷಕ್ಕೊಮ್ಮೆ ಬಂದು ಹೋಗುವವಳು, ಅವಳಿಗೆಲ್ಲಿ ಗೊತ್ತು. ಅವ್ವ ಮನೆಯ ಹುಡುಗಿಯರನ್ನು ಕರೆದುಕೊಂಡು ಅಡಿಗೆಮನೆ ಸೇರಿದ್ದಳು. ಬಾಗಿಲಲ್ಲಿ ಅಪ್ಪ ಕೆಂಪೇರಿದ. ಆಮೇಲೆ ಕೆಮ್ಮಿದ. ಯಾರೂ ತಿರುಗಿ ನೋಡಲಿಲ್ಲ. ಮತ್ತೊಮ್ಮೆ, ಪ್ಲೇಟಿನಲ್ಲಿ ಇದ್ದಂತೆಯೇ, ತಡೆದು ತಡೆದು ಕೆಮ್ಮಿದ. ಬೀಗರ ಮುದುಕಿಯೊಬ್ಬಳು ಮರುಗಿ, "ಅಯ್ಯ, ಬೀಗರಿಗೆ ನೀರು ಕೊಡ್ರಿ ಯಾರರ" ಎಂದಳು. ಯಾರೋ ಓಡಿ ಹೋಗಿ ತಂಬಿಗೆ ತಂದು ಕೈಗಿತ್ತರು. ಅಪ್ಪ ಕುಡಿಯಲೇಬೇಕಾಯಿತು.

ಸೋದರತ್ತೆ ಬಗ್ಗಿ ನನ್ನ ಸೆರಗಿನೊಳಗೆ ಮುಖ ತೂರಿಸಿದಳು. "ಯಾವುದು ಬೇ? ಲಗೂನ ಹೇಳು."

ಅಷ್ಟು ಹೊತ್ತಿನಲ್ಲೇ ನಾನು ಲೆಕ್ಕ ಹಾಕಿದ್ದೆ. ಅವರು ಈ ಹಾಡನ್ನೇ ಕೇಳಿದ್ದಾರೆ, ಎಂದರೆ ಅವರಿಗೆ ಇದೇ ಇಷ್ಟ. ನಾವು ಸೋತರೆ ಅವರು ಒಯ್ಯುವುದು ಇದನ್ನೇ. ಅವರು ಒಯ್ಯುವ ಮನೆಯೇ ಇನ್ನು ನನ್ನ ಮನೆ.

"ಗಿಣಿ ಹಾಡು" ಎಂದೆ.

"ಗಿಣಿ ಹಾಡು!" ಎಂದು ಸೋದರತ್ತೆ ಊರಿಗೆ ಕೇಳುವಂತೆ ಸಾರಿದಳು. ಬಾಗಿಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು.

ಮರುದಿನ ಬೀಗರು ಆರಿಸಿಕೊಂಡ ಅತ್ತರಿನ ಪ್ಲೇಟನ್ನು ಅಪ್ಪನೇ ಕೌದಿಯಲ್ಲಿ ಸುತ್ತಿ ಬಂಡಿಯಲ್ಲಿಟ್ಟ. ನನ್ನನ್ನು ಹತ್ತಿಸುವಾಗ ಒಮ್ಮೆ ಅತ್ತವನು ಅದನ್ನು ಇಡುವಾಗ ಎರಡು ಸಲ ಅತ್ತ. ನಾನೂ ಅಳುತ್ತಿದ್ದೆ, ಆದರೆ ಸೆರಗಿನೊಳಗೆ ನಗು ತಡೆಯಲಾಗುತ್ತಿರಲಿಲ್ಲ. ಕಳ್ಳಿ ನಾನು!

ಜೇವರ್ಗಿಯ ಮನೆಯಲ್ಲಿ ಮೂರು ದಿನ ಕಣ್ಣಲ್ಲೇ ಹುಡುಕಿದೆ. ಪಡಸಾಲೆಯಲ್ಲಿಲ್ಲ, ಮಾಳಿಗೆಯಲ್ಲಿಲ್ಲ. ನಾಲ್ಕನೆಯ ದಿನ ತಡೆಯದೆ ಕೇಳಿಯೇ ಬಿಟ್ಟೆ. "ಅತ್ತೀ, ಹಾಡಿನ ಪೆಟ್ಟಿಗಿ ಎಲ್ಲಿ ಇಟ್ಟೀರಿ?"

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು. "ನಾ ನಿನ್ನ ಕೇಳಬೇಕಂತ ಮಾಡಿದ್ದೆ. ಪ್ಲೇಟು ಕೊಟ್ಟವರು ಪೆಟ್ಟಿಗಿ ಹಿಂದಿಂದ ಕಳಸ್ತಾರ ಅಂದ್ಕೊಂಡೆ. ಬಾಯಿಬಿಟ್ಟು ಕೇಳಿದ್ರ ಆಸೆಬುರುಕರು ಅಂದಾರು ಅಂತ ಸುಮ್ಮನಾದೆ."

ಅವರ ಮನೆಯಲ್ಲಿ ಪೆಟ್ಟಿಗೆ ಎಂದೂ ಇರಲಿಲ್ಲ! ಹಿತ್ತಲ ಗೋಡೆಯ ಆಚೆ ಚಹಾದ ಅಂಗಡಿಯೊಂದಿತ್ತಂತೆ. ಅಲ್ಲಿ ಹಾಡುತ್ತಿದ್ದುದನ್ನೆಲ್ಲ ಈ ಹೆಂಗಸರು ಗೋಡೆಗೆ ಕಿವಿಗೊಟ್ಟೇ ಕಲಿತದ್ದು. ಅಂಗಡಿಯವನು ಆರು ತಿಂಗಳ ಹಿಂದೆ ಪೆಟ್ಟಿಗೆ ಹೊತ್ತುಕೊಂಡು ಊರು ಬಿಟ್ಟಿದ್ದ. ಅತ್ತೆ, ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ. ನಗು ನಿಂತ ಮೇಲೆ ನನಗೆ ಅಳು ಬಂತು. ಅಲ್ಲಿ ಅಪ್ಪನ ಬಳಿ ಆ ಹಾಡಿಲ್ಲದ ಪೆಟ್ಟಿಗೆ, ಇಲ್ಲಿ ನನ್ನ ಬಳಿ ಪೆಟ್ಟಿಗೆಯಿಲ್ಲದ ಹಾಡು. ಇಬ್ಬರಿಗೂ ಇಲ್ಲದಂತೆ ಮಾಡಿದವಳು ನಾನು.

ನಾಗರಪಂಚಮಿಗೆ ತವರಿಗೆ ಕರೆಯಲು, ವಾಡಿಕೆಯಂತೆ ಅಣ್ಣ ಬರುವ ಬದಲು ಅಪ್ಪನೇ ಬಂದ. ಹೊಸ್ತಿಲು ದಾಟುವ ಮೊದಲೇ, "ಪ್ಲೇಟು ಸುರಳೀತ ಅದ ಏನ್ ಬೇ?" ಎಂದ. ಆಮೇಲೆ ನೆನಪಾಗಿ, "ನೀ ಹೆಂಗದಿ?" ಎಂದ. ಅತ್ತೆ ಪ್ಲೇಟನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು. "ಒಯ್ದು ಕೇಳಿ ಬಾ. ಆ ಕೆಮ್ಮು ಇನ್ನೂ ಅದ ಏನು ನೋಡು."

ಭೀಮೆ ತುಂಬಿತ್ತು. ದೋಣಿಯಲ್ಲಿ ಅಪ್ಪ ಪ್ಲೇಟನ್ನು ಎದೆಗವಚಿಕೊಂಡು ಕೂತಿದ್ದ, ನನ್ನನ್ನು ಅಂಬಿಗನಿಗೆ ಒಪ್ಪಿಸಿ. ದಡ ಸೇರಿದ ಮೇಲೆ ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅಪ್ಪ ಪ್ಲೇಟನ್ನು ಕಂಕುಳಲ್ಲಿ ಇರುಕಿಕೊಂಡು ಆಳಂದದ ಬಂಡಿ ಹತ್ತಿದ.

ಮನೆಯಲ್ಲಿ ಸೋದರತ್ತೆಯೂ ಪಂಚಮಿಗೆ ಬಂದಿದ್ದಳು. ಅಪ್ಪ ಅದೇ ಜಮಖಾನೆ ಹಾಸಿದ. ನನ್ನನ್ನು ಅಂದು ಕೂತಲ್ಲೇ ಕೂಡಿಸಿ, ಅಕ್ಕನನ್ನು ಪಕ್ಕಕ್ಕೆ ಕೂಡಿಸಿ, ಮುಖ ಗಂಟಿಕ್ಕಿಕೊಂಡು ಕೇಳಿದ. "ಹಾಡಾಕಿ ಒಬ್ಬಾಕಿ, ಕೇಳಸೋ ಕೊರಳು ಎರಡು. ಯಾವ ಹಾಡು?"

"ಅತ್ತರಿನ ಹಾಡು" ಎಂದೆ, ಹೆದರಿ.

"ಬೇಕಂತಲೇ ಸೋಲ್ಸಿದಿ ಬೇ ನೀ! ನನ್ನ ಮಾನ ಕಳದಿ!" ಎಂದು ಸೋದರತ್ತೆ ನನ್ನ ಬೆನ್ನಿಗೊಂದು ಬಿಟ್ಟಳು.

"ಸುಮ್ನಿರಕ್ಕ. ಈಗ ಗೆದ್ದೀವಿ" ಎಂದ ಅಪ್ಪ. "ಗೆದ್ದ ಪ್ಲೇಟು ಇಲ್ಲೇ ಇರ್ತದ. ಕೇಳಬೇಕಂದ್ರ ಅಕಿ ವರ್ಷಾ ವರ್ಷಾ ಬರಬೇಕು. ತನ್ನ ಅತ್ತೀನೂ ಕರಕೊಂಡ ಬರ್ಲಿ."

"ಬರ್ತೇನಿ ಅಪ್ಪಾ" ಎಂದೆ.

ಅವನು ಕೀಲಿ ತಿರುವಿ ಮುಳ್ಳು ಇಳಿಸಿದ. ಎರಡನೆಯ ನುಡಿ ಮುಗಿಯಿತು, ಕೆಮ್ಮು ಬಂತು. ಅಪ್ಪ ಬಾಯಿ ತೆರೆದವನು ಧೋತರದ ತುದಿಯಿಂದ ಮುಖ ಒರೆಸಿಕೊಂಡ. ಅವನ ಕಣ್ಣು ತುಂಬಿತ್ತು.

"ಅವಗ ಒಂದೀಟು ನೀರು ಕೊಡ್ರಿ" ಎಂದೆ ನಾನು.

ಸೋದರತ್ತೆ ಎದ್ದು ಹೋಗಿ ತಂಬಿಗೆ ತಂದು ಅಪ್ಪನ ಕೈಗೆ ಕೊಟ್ಟಳು.