ಐವತ್ತೆರಡಕ್ಕೆ ಕೂಗುವ ಗಾಡಿ

ಕೊಟ್ಟೂರಿನ ಹುಲುಗಣ್ಣನಿಗೆ ಓದು ತಲೆಗೆ ಹತ್ತಲಿಲ್ಲ. ಕಿವಿ ಮಾತ್ರ ದೇವರು ಕೈಬಿಚ್ಚಿ ಕೊಟ್ಟಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಹತ್ತಡಿ ಅಂಗಡಿಯಲ್ಲಿ ಗಾಡಿಗಳಿಗೆ ಟೇಪು, ಹಾರ್ನು ಕೂರಿಸುತ್ತಿದ್ದವನು ಹೆಸರು ಮಾಡಿದ್ದು ಹಾಡಿನ ದಪ್ಪ ದನಿ ಗುದ್ದುವ ಬೇಸ್ ಪೆಟ್ಟಿಗೆಯಲ್ಲಿ. ಎರಡು ಸಾವಿರದ ಮೂರು, ನಾಲ್ಕರ ಸುಮಾರಿಗೆ ಹಡಗಲಿ, ಹರಪನಹಳ್ಳಿ ಕಡೆಯ ಟ್ರ್ಯಾಕ್ಸ್ ಜೀಪು ಓಡಿಸುವ ಹುಡುಗರೆಲ್ಲ ಅವನ ಅಂಗಡಿ ಮುಂದೆಯೇ ಸಾಲುಗಟ್ಟುತ್ತಿದ್ದರು. ಹಾಡು ಎದೆ ಗುದ್ದದಿದ್ದರೆ ಪ್ಯಾಸೆಂಜರ್ ಹತ್ತುವುದಿಲ್ಲ ಎಂಬುದು ಅವರ ಸಿದ್ಧಾಂತ. ಹತ್ತಿದ ಮುದುಕರು ಬೈಯುವುದು ಆ ಗದ್ದಲದಲ್ಲಿ ಅವರಿಗೆ ಕೇಳಿಸಬೇಕಲ್ಲ.

ಖಾಲಿ ಕೊಡದೊಳಗೆ ಕೂಗಿದರೆ ಯಾವುದೋ ಒಂದು ದನಿಗೆ ಕೊಡವೇ ಗುಂಯ್‌ಗುಟ್ಟುತ್ತದೆ. ಗಾಡಿಗೂ ಹಾಗೊಂದು ಸ್ವಂತ ದನಿಯಿದೆ. ಅದನ್ನು ಹುಡುಕಲು ಹುಲುಗಣ್ಣ ಬಾಗಿಲು, ಗಾಜು ಎಲ್ಲ ಮುಚ್ಚಿ, ಹಿಂದಿನ ಸೀಟಿನ ಮೇಲೊಂದು ಸ್ಪೀಕರ್ ಇಟ್ಟು, ಸ್ಟೀಲ್ ತಟ್ಟೆಯಲ್ಲಿ ಹಿಡಿ ಜೋಳ ಹರಡಿಕೊಂಡು ಒಳಗೆ ಕೂರುತ್ತಿದ್ದ. ದಾವಣಗೆರೆಯಿಂದ ತಂದ ಸಿ.ಡಿ.ಯಲ್ಲಿ ಹಾಡಿರಲಿಲ್ಲ. ಬರೀ ದನಿ, ಸೆಕೆಂಡಿಗೆ ಇಪ್ಪತ್ತು ಕಂಪನದಿಂದ ಒಂದೊಂದಾಗಿ ಏರುತ್ತ ಹೋಗುವುದು. ಯಾವುದೋ ಒಂದು ಅಂಕಿಗೆ ಬಂದಾಗ ತಟ್ಟೆಯ ಜೋಳ ತಾನಾಗಿ ಕುಣಿಯುತ್ತಿತ್ತು. ಅದೇ ಆ ಗಾಡಿಯ ಅಂಕಿ. ಕೆಲಸ ಕಲಿಸಿದ ಬಳ್ಳಾರಿಯ ಉಸ್ತಾದರು ಒಂದೇ ಮಾತು ಹೇಳಿ ಕಳಿಸಿದ್ದರು: "ಗಾಡಿ ಕೂಗೋ ಅಂಕಿಗೆ ಪೆಟ್ಟಿಗಿ ಕೂಗಬಾರದು ಬೇಟಾ, ಹೊರಗಿನ ದನಿ ಒಳಗ ಕೇಳಂಗಿಲ್ಲ. ಪೆಟ್ಟಿಗಿ ಬಾಯಾಗಿನ ಕೊಳವಿ ಉದ್ದ ಬಿಡು, ಪೆಟ್ಟಿಗಿ ದನಿ ಕೆಳಗಿಳೀತೈತಿ."

ಆ ಮಾತನ್ನು ಅವನು ಮುರಿದದ್ದು ಪ್ರಬುದ್ಧನಿಗಾಗಿ. ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೆ ಫೇಲಾದ ಗೆಳೆಯ. ಕೂಡ್ಲಿಗಿ ದಾರಿಯಲ್ಲಿ ಟ್ರ್ಯಾಕ್ಸ್ ಓಡಿಸುತ್ತಿದ್ದ. ಅವನ ಗಾಡಿಯ ಅಂಕಿ ಐವತ್ತೆರಡು.

"ಐವತ್ತೆರಡಕ್ಕ ಕೂಡ್ಸಲೇ ಹುಲುಗ. ಗಾಡಿ ಮೈಯೆಲ್ಲ ಹಾಡಬೇಕು," ಎಂದು ಪ್ರಬುದ್ಧ ಗಂಟುಬಿದ್ದ.

ಗೆಳೆಯನ ಹಟ ಅರ್ಧ, ತನ್ನ ಕೈಚಳಕ ತೋರಿಸುವ ಚಪಲ ಅರ್ಧ. ಪೆಟ್ಟಿಗೆಯ ದನಿ ಐವತ್ತೆರಡಕ್ಕೇರುವಷ್ಟು ಹುಲುಗಣ್ಣ ಕೊಳವೆಯನ್ನು ಮೋಟು ಮಾಡಿ ಕೊಯ್ದ.

ಇಪ್ಪತ್ತೇ ದಿನ. ಒಂದು ಮಧ್ಯಾಹ್ನ ಗಾಜು ಏರಿಸಿ, ಹಾಡು ಹಚ್ಚಿ, ಪ್ರಬುದ್ಧ ಖಾಲಿ ಗಾಡಿಯನ್ನು ಬಲಕ್ಕೆ ಹೊರಳಿಸಿದ. ಹಿಂದಿನಿಂದ ದಾಟಿ ಬರುತ್ತಿದ್ದ ಲಾರಿ ಅವನ ಬಾಗಿಲಿಗೇ ಬಡಿಯಿತು. ಪ್ರಬುದ್ಧ ಅಲ್ಲೇ ತೀರಿಕೊಂಡ. ಲಾರಿ ಓಡಿಸುತ್ತಿದ್ದ, ಹರಪನಹಳ್ಳಿ ಕಡೆಯ ಅರಸೀಕೆರೆಯ ಪಾಲಾಕ್ಷಪ್ಪ, ಮೂರು ಸಲ ಹಾರ್ನ್ ಹೊಡೆದೆನೆಂದು ಕಂಡಕಂಡವರ ಕಾಲು ಹಿಡಿದು ಹೇಳಿದ. ಯಾರೂ ನಂಬಲಿಲ್ಲ. ಪ್ರಬುದ್ಧನ ತಾಯಿ ದುರುಗಮ್ಮನಂತೂ ಅರಸೀಕೆರೆಗೇ ಹೋಗಿ, ಅವನ ಮನೆಯಂಗಳದಲ್ಲಿ ನಿಂತು ಮಣ್ಣು ತೂರಿ ಶಪಿಸಿ ಬಂದಳು. ಆಮೇಲೆ ಅವನಿಗೆ ಯಾವ ಮಾಲೀಕನೂ ಲಾರಿ ಕೊಡಲಿಲ್ಲ. ನಿಜ ಹೇಳಬಹುದಾಗಿದ್ದವನು ಹುಲುಗಣ್ಣನೊಬ್ಬನೇ, ಅವನು ಅಂಗಡಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ.

ಸತ್ತವರು ಕನಸಿಗೆ ಬರುತ್ತಾರಂತೆ. ಪ್ರಬುದ್ಧ ಬಂದದ್ದು ಹಾಡುಹಗಲಲ್ಲೇ. ಹಿಟ್ಟಿನ ಗಿರಣಿ ತಿರುಗಿದರೆ ಐವತ್ತೆರಡು. ಬಸ್ಸು ನಿಂತಲ್ಲೇ ಗುರುಗುಟ್ಟಿದರೆ ಅಂಗಡಿಯ ಶಟರು ಐವತ್ತೆರಡಕ್ಕೆ ನಡುಗುತ್ತಿತ್ತು. ಉಣ್ಣಲು ಕೂತಾಗ ತಟ್ಟೆಯ ಅನ್ನ ಅಲುಗಿದಂತೆ ಕಂಡು ಹುಲುಗಣ್ಣ ಕೈತೊಳೆದು ಏಳುತ್ತಿದ್ದ. ಅವನಿಗೆ ತನ್ನ ಕಿವಿಯ ಮೇಲೆಯೇ ಹೇಸಿಗೆ ಹುಟ್ಟಿತ್ತು.

ಎಂಟು ತಿಂಗಳಾದ ಮೇಲೆ ದುರುಗಮ್ಮ ರಿಪೇರಿಯಾದ ಟ್ರ್ಯಾಕ್ಸನ್ನು ಡ್ರೈವರೊಬ್ಬನ ಕೈಲಿ ಅಂಗಡಿಗೆ ತರಿಸಿದಳು.

"ಗಾಡಿ ಮಾರಾಕತ್ತೀನಪ್ಪ. ತಗೊಳ್ಳಾವ ಪೆಟ್ಟಿಗಿ ಬ್ಯಾಡ ಅಂತಾನ. ಬಿಚ್ಚೂಕಿಂತ ಮುಂಚೆ ಒಂದು ಸಲ ಹಚ್ಚು. ನನ್ನ ಮಗ ಕುಂತ ಜಾಗದಾಗ ಕುಂತು ಕೇಳ್ತೀನಿ."

ಹುಲುಗಣ್ಣ ಮೊದಲು ತಟ್ಟೆ, ಜೋಳ, ಸಿ.ಡಿ. ಹಿಡಿದು ತಾನೊಬ್ಬನೇ ಒಳಗೆ ಕೂತ. ಬಾಗಿಲು ಹೊಸದು, ತಗಡು ಹೊಸದು. ಅಂಕಿ ಬದಲಾಗಿರಲಿ ಎಂದು ಕಂಡ ದೇವರಿಗೆಲ್ಲ ಹರಸಿಕೊಂಡ. ಐವತ್ತು ದಾಟಿತು, ಐವತ್ತೊಂದು ದಾಟಿತು. ಐವತ್ತೆರಡಕ್ಕೆ ಜೋಳ ತಟ್ಟೆಯಿಂದ ಹಾರಿ ಅವನ ತೊಡೆಯ ಮೇಲೆ ಬಿತ್ತು.

ದುರುಗಮ್ಮ ಸ್ಟಿಯರಿಂಗ್ ಹಿಡಿದು ಕೂತಳು. ಅರವತ್ತಾದರೂ ಮೂರು ಮನೆಯಾಚೆ ಸೂಜಿ ಬಿದ್ದರೆ ಕೇಳಿಸುವ ಹೆಂಗಸು. ಅವಳೇ ಅಂದಳು: "ಆ ಪಾಲಾಕ್ಷಪ್ಪ ಮೂರು ಸಲ ಹಾರ್ನ್ ಹೊಡದನಂತ. ನಿನ್ನ ಅಂಗಡ್ಯಾಗ ಲಾರಿ ಹಾರ್ನ್ ಐತಲ್ಲ? ಹಿಂದ ನಿಂತು ಹೊಡಿ. ಅವನ ಸುಳ್ಳು ನನ್ನ ಕಿವಿಲೇ ಹಿಡೀತೀನಿ."

ಹುಲುಗಣ್ಣ ಅಂಗಡಿಯಿಂದ ಲಾರಿ ಹಾರ್ನು, ಬ್ಯಾಟರಿ ತಂದಿಟ್ಟ. ಪ್ರಬುದ್ಧ ಕೇಳುತ್ತಿದ್ದಷ್ಟೇ ಜೋರಿಗೆ ಹಾಡು ಹಚ್ಚಿ, ಗಾಜು ಏರಿಸಿ, ಬಾಗಿಲು ಮುಚ್ಚಿದ. ಬ್ಯಾಟರಿ, ಹಾರ್ನು ಎತ್ತಿಕೊಂಡು ಹಿಂದಕ್ಕೆ ಮೂವತ್ತು ಹೆಜ್ಜೆ ಹೋದ. ಒಮ್ಮೆ ಒತ್ತಿದ. ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು. ಎರಡನೆಯ ಸಲಕ್ಕೆ ಚಹಾದಂಗಡಿಯವನು ಹೊರಗೆ ಬಂದು ಬೈದ. ಮೂರನೆಯದನ್ನು ಅವನು ಬಹಳ ಹೊತ್ತು ಒತ್ತಿಹಿಡಿದ. ಗಾಡಿಯೊಳಗಿನ ತಲೆ ಅಲುಗಲಿಲ್ಲ.

ಹುಲುಗಣ್ಣ ಬಂದು ಬಾಗಿಲು ತೆಗೆದು ಹಾಡು ನಿಲ್ಲಿಸಿದ.

"ಯಾಕಪ್ಪ, ಬಂದುಬಿಟ್ಟಿ? ಹಾರ್ನ್ ಕೆಟ್ಟೈತೇನು? ಹೊಡೀಲೇ ಇಲ್ಲಲ್ಲ."

"ಹೊಡದ್ನೆವ್ವಾ. ಮೂರು ಸಲ."

ದುರುಗಮ್ಮ ಅವನ ಕೈಯಲ್ಲಿದ್ದ ಹಾರ್ನನ್ನು ನೋಡಿದಳು, ಹೊರಳಿ ಹಿಂದಿನ ಪೆಟ್ಟಿಗೆಯನ್ನು ನೋಡಿದಳು.

"ನಿನಗ ಗೊತ್ತಿತ್ತು," ಎಂದಳು.

"ಗೊತ್ತಿತ್ತವ್ವಾ. ಹಿಂಗ ಕೂಡ್ಸಬಾರದು ಅಂತ ಗೊತ್ತಿದ್ದೂ ಕೂಡ್ಸಿದೆ." ಅವನ ಅಳು ಒಡೆಯಿತು.

ದುರುಗಮ್ಮ ಸ್ಟಿಯರಿಂಗ್ ಬಿಟ್ಟು ಪಕ್ಕದ ಸೀಟಿಗೆ ಸರಿದಳು.

"ಹತ್ತು. ಅರಸೀಕೆರಿಗೆ ನಡಿ. ಆ ಪಾಲಾಕ್ಷಪ್ಪನ ಅಂಗಳದಾಗ ನಿಂತು, ಓಣಿ ಮಂದಿಗೆಲ್ಲ ಕೇಳೂ ಹಂಗ ಇದನ್ನ ನೀನ ಹೇಳಬೇಕು."