ಖಾಕಿ ಕಂಡು ಸುಮ್ಮನಾದವಳು

ಬೆಳ್ಳಾರೆಯ ತಿರುವಿನಲ್ಲಿ ನಿಂತಿದ್ದ ಹಾವೇರಿಯ ಲಾರಿಯೊಳಗೆ ಡ್ರೈವರ್ ಸ್ಟಿಯರಿಂಗಿನ ಮೇಲೆ ಕುಸಿದಿದ್ದ. ಹಿಂದೆ ಬಂದ ಬಸ್ಸಿನ ಕಂಡಕ್ಟರ್ ನಾನು. ಮೇಲೆ ಹತ್ತಿ, “ಒಳಗೆ ಬೇರೆ ಯಾರಾದ್ರೂ ಉಂಟಾ?” ಎಂದು ಎರಡು ಸಲ ಕೂಗಿದೆ. ಉತ್ತರವಿಲ್ಲ. ಪ್ರಯಾಣಿಕರೆಲ್ಲ ಸೇರಿ ಅವನನ್ನು ಇಳಿಸಿ, ಸಿಕ್ಕಿದ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕಳಿಸಿದೆವು.

ಲಾರಿಯ ಬಾಗಿಲು ಹಾಕುವಾಗ ಸೀಟಿನಡಿ ಪುಟ್ಟ ಚಪ್ಪಲಿ ಕಂಡಿತು. ಹಿಂದಿದ್ದ ಕಂಬಳಿ ಎಳೆದೆ. ಆರೇಳು ವರ್ಷದ ಹುಡುಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಡುಗುತ್ತಿದ್ದಳು.

“ಪೊಲೀಸ್ರು ಬಂದ್ರ ಪಿಟಕ್ ಅನಬ್ಯಾಡ ಅಂತ ಅಪ್ಪ ಹೇಳ್ಯಾನ್ರೀ,” ಎಂದಳು, ನನ್ನ ಖಾಕಿ ಅಂಗಿಯನ್ನೇ ನೋಡುತ್ತಾ. ಸರಕಿನ ಲಾರಿಯಲ್ಲಿ ಮಗುವನ್ನು ಕಂಡರೆ ಹಿಡಿಯುತ್ತಾರೆಂಬ ಭಯ ಅವನಿಗೆ.

ನಮ್ಮ ಬಸ್ಸಿನಲ್ಲೇ ಅವಳನ್ನು ಆಸ್ಪತ್ರೆಗೆ ತಲುಪಿಸಿದೆ. ಅಪ್ಪ ಬದುಕಿಕೊಂಡ. ಈಗ ಬಸ್ಸಿನಲ್ಲಿ ನನ್ನನ್ನು ಕಂಡು ಯಾವ ಮಗು ತಟ್ಟನೆ ಸುಮ್ಮನಾದರೂ ನನಗೇ ಹೆದರಿಕೆಯಾಗುತ್ತದೆ.