ಮಗಳು ತಾನೇ ಹೇಳುವ ತನಕ

ಅತ್ತೆಯವರು ಎತ್ತಿದ ಹುಣಸೆ ಛಡಿಯನ್ನು ಕಿತ್ತುಕೊಂಡು ಎರಡು ತುಂಡು ಮಾಡಿದೆ. ಒಂದೂವರೆ ವರ್ಷದ ನನ್ನ ಮಗಳು ಪಡಸಾಲೆಯಲ್ಲಿ ಉಚ್ಚೆ ಹೊಯ್ದು, ಅದರೊಳಗೇ ನಿಂತು ಅಂಗೈ ಬಡಿದು ನಗುತ್ತಿದ್ದಳು. ಮದ್ರಾಸಿನಿಂದ ಬಂದಿದ್ದ ನೆಂಟರು ಪಂಚೆ ಎತ್ತಿಕೊಂಡು ಸರಿದು ಕುಳಿತರು.

“ಹೊಡೀಬ್ಯಾಡ್ರಿ ಅತ್ತಿ. ಉಚ್ಚಿ ಬಂದದ್ದು ಆಕಿಗಿನ್ನೂ ತಿಳಿಯಂಗಿಲ್ಲ. ತಿಳಿದ ದಿನ ತಾನ ಹೇಳ್ತಾಳ,” ಎಂದೆ.

ಹೊಸಪೇಟೆಯ ಆ ಮನೆಯಲ್ಲಿ ಸೊಸೆಯೊಬ್ಬಳು ಎದುರಾಡಿದ್ದು ಅದೇ ಮೊದಲು. ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನೂ ಸೋಲಲಿಲ್ಲ. ದಿನಕ್ಕೆ ಹತ್ತು ಸಲ ನೆಲ ಒರೆಸುತ್ತ ಮಗುವನ್ನೇ ಗಮನಿಸಿದೆ.

ಕೆಲವು ತಿಂಗಳಾದ ಮೇಲೆ ಮಧ್ಯಾಹ್ನ ಮಲಗಿ ಎದ್ದಾಗ ಅವಳ ಕೌದಿ ಒಣಗಿಯೇ ಇರತೊಡಗಿತು. ಆಡುತ್ತಾಡುತ್ತ ಥಟ್ಟನೆ ನಿಂತು ಕಂಬದ ಹಿಂದೆ ಸರಿಯುತ್ತಿದ್ದಳು. ಒಂದು ಬೆಳಿಗ್ಗೆ, ಪೂಜೆಗೆ ಕುಳಿತಿದ್ದ ಅತ್ತೆಯ ಸೆರಗನ್ನೇ ಜಗ್ಗಿ, “ಅಜ್ಜೀ, ಉಚ್ಚಿ!” ಎಂದಳು.

ಅತ್ತೆ ಪೂಜೆ ಬಿಟ್ಟು, ಮಡಿಯನ್ನೂ ಮರೆತು, ಅವಳನ್ನೆತ್ತಿಕೊಂಡು ಹಿತ್ತಲಿಗೆ ಓಡಿದರು. ಅಲ್ಲಿಂದಲೇ ಕೂಗಿದರು: “ನೀರು ತಾರವ್ವ, ಜಲ್ದಿ!” ಅಷ್ಟು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಆಮೇಲೆ ಇನ್ನೂ ಮೂವರನ್ನು ಹೆತ್ತೆ. ನೆಂಟರ ನಡುವೆ ಬಾಯಿಬಡಕಿ ಸೊಸೆಯೆಂಬ ಹೆಸರು ಹಾಗೇ ಉಳಿಯಿತು. ಉಳಿಯಲಿ. ನಮ್ಮ ಮನೆಯಲ್ಲಿ ಉಚ್ಚೆ ಹೊಯ್ದದ್ದಕ್ಕೆ ಯಾವ ಕೂಸೂ ಏಟು ತಿನ್ನಲಿಲ್ಲ.